ಹಾದಿಯ ಮೇಲಣ ಕಣ

ಕಾರು ನಡೆಸುವವನ ಕಣ್ಣು ಕಿವಿಗಳು ಚುರುಕಾಗಿರಬೇಕೆಂದು ಎಲ್ಲರೂ ಹೇಳುತ್ತಾರೆ. ಮೂಗಿನ ಮಾತನ್ನು ಯಾರೂ ಎತ್ತುವುದಿಲ್ಲ. ಆದರೆ ಯಂತ್ರದ ಅಸ್ವಸ್ಥತೆಯನ್ನು ಎಷ್ಟೋ ವೇಳೆ ಮೊದಲು ಅರಿಯುವುದು ಮೂಗೇ. ಪೆಟ್ರೋಲಿನ ವಾಸನೆ ಒಂದು ಬಗೆ, ಕಾದ ಎಣ್ಣೆಯದು ಇನ್ನೊಂದು ಬಗೆ. ಇವೆಲ್ಲಕ್ಕಿಂತ ಹೆಚ್ಚಾಗಿ ಮನಸ್ಸನ್ನು ಕಲಕುವುದು ಸುಟ್ಟ ರಬ್ಬರಿನ ವಾಸನೆ. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಎಂಬಾತನು ರಬ್ಬರಿಗೆ ಗಂಧಕವನ್ನು ಬೆರೆಸಿ ಕಾಯಿಸಿ, ಚಳಿಗೆ ಬಿರಿಯದ, ಬಿಸಿಲಿಗೆ ಅಂಟಾಗದ ಗಟ್ಟಿ ರಬ್ಬರನ್ನು ಪಡೆಯುವ ಉಪಾಯವನ್ನು ಕಂಡುಕೊಂಡನು. ಇಂದಿನ ಟೈರು, ಬೆಲ್ಟುಗಳೆಲ್ಲ ಆ ಉಪಾಯದ ಸಂತಾನ. ಅವು ಸುಡುವಾಗ ಮೂಗಿಗೆ ಅಡರುವ ಘಾಟಿನಲ್ಲಿ ಆ ಗಂಧಕದ ಪಾಲೂ ಉಂಟು.

ನಾಗಮಂಗಲ ತಾಲ್ಲೂಕಿನ ದೇವಲಾಪುರದ ಕಡೆಯ ನಿವೃತ್ತ ಮೇಷ್ಟರೊಬ್ಬರಿಗೆ ಈ ಘಾಟು ಎದುರಾದದ್ದು ಸಂಕ್ರಾಂತಿಗೆ ಕೆಲವೇ ದಿನಗಳಿದ್ದಾಗ. ನಾಗಮಂಗಲದಲ್ಲಿ ಕೆಲಸ ಮುಗಿಸಿ ತಮ್ಮ ಹಳೆಯ ಕಾರಿನಲ್ಲಿ ಊರಿಗೆ ಮರಳುತ್ತಿದ್ದರು. ಯಾರೋ ಹೊಲದಲ್ಲಿ ಹಳೆಯ ಟೈರು ಸುಡುತ್ತಿರಬೇಕೆಂದು ಭಾವಿಸಿ ಗಾಜನ್ನು ಏರಿಸಿದರು. ವಾಸನೆ ಹೋಗಲಿಲ್ಲ, ಬದಲಾಗಿ ಬಲಿಯಿತು. ಆಗ ಹೊಂಗೆಯ ಮರವೊಂದರ ಬಳಿ ಕಾರನ್ನು ನಿಲ್ಲಿಸಿ, ಇಂಜಿನ್ನನ್ನು ಆರಿಸಿ ಕೆಳಗಿಳಿದರು.

ಮೇಷ್ಟರು ವಿಜ್ಞಾನವನ್ನು ಬೋಧಿಸಿದವರು. ಗಾಬರಿಗೊಳ್ಳದೆ ಒಂದೊಂದಾಗಿ ಪರೀಕ್ಷೆಗೆ ತೊಡಗಿದರು. ಹ್ಯಾಂಡ್‌ಬ್ರೇಕು ಪೂರ್ತಿಯಾಗಿ ಇಳಿದೇ ಇದ್ದಿತು. ನಾಲ್ಕು ಚಕ್ರಗಳ ಬಳಿಯೂ ಕುಳಿತು, ಮುಟ್ಟದೆ, ಅಂಗೈಯ ಹಿಂಬದಿಯನ್ನು ಸಮೀಪಕ್ಕೆ ಹಿಡಿದು ನೋಡಿದರು. ಬ್ರೇಕು ಕಚ್ಚಿಕೊಂಡಿದ್ದರೆ ಒಂದು ಚಕ್ರವಾದರೂ ಉಳಿದವುಗಳಿಗಿಂತ ಹೆಚ್ಚು ಕಾದಿರಬೇಕು; ಹಾಗೇನೂ ಇರಲಿಲ್ಲ. ಕ್ಲಚ್ಚು ಸವೆದು ಜಾರುವಾಗ ಇಂಜಿನ್ನು ಕೂಗಿಕೊಂಡರೂ ಕಾರು ಅದಕ್ಕೆ ತಕ್ಕಂತೆ ಮುಂದುವರಿಯದು. ದಾರಿಯಲ್ಲಿ ಆ ಲಕ್ಷಣವೂ ಕಂಡಿರಲಿಲ್ಲ. ಬಾನೆಟ್ಟಿನ ಸಂದಿಯಲ್ಲಿ ಹೊಗೆಯಿಲ್ಲವೆಂಬುದನ್ನು ಖಚಿತಪಡಿಸಿಕೊಂಡು ಅದನ್ನು ತೆರೆದರು. ಸಡಿಲವಾದ ಬೆಲ್ಟು ಜಾರುತ್ತ ಕಿರುಚುತ್ತದೆ, ಉಜ್ಜಿ ಉಜ್ಜಿ ಹೊಳಪೇರುತ್ತದೆ. ಈ ಬೆಲ್ಟು ಹೊಳೆಯುತ್ತಿರಲಿಲ್ಲ. ಆದರೂ ಅದನ್ನು ಹಿಂದಿನ ವಾರವಷ್ಟೇ ಮೆಕ್ಯಾನಿಕ್ಕನು ಬದಲಿಸಿದ್ದರಿಂದ ಸಂಶಯವೆಲ್ಲ ಅವನ ತಲೆಗೇ ಕಟ್ಟಿತು. ತಿಳಿಯದ ರೋಗಕ್ಕೆ ಹಿಂದಿನ ವೈದ್ಯನನ್ನು ದೂರುವುದು ಎಷ್ಟು ಸುಲಭ!

ಜೇಬಿನ ಫೋನನ್ನು ತೆಗೆದು, “ಏನಯ್ಯ, ಎಂಥ ಬೆಲ್ಟು ಹಾಕಿದೆ?” ಎಂದು ಗದರಿದರು. ಮೆಕ್ಯಾನಿಕ್ಕನು ಅವರ ಹಳೆಯ ಶಿಷ್ಯ. ಬೈಗುಳಕ್ಕೆ ಉತ್ತರ ಕೊಡದೆ, “ದಾರೀಲಿ ಹುರುಳಿ ಮೇಲೆ ಬಂದ್ರಾ ಮೇಷ್ಟ್ರೇ? ಮೊದಲು ಕೆಳಗೆ ಬಗ್ಗಿ ನೋಡಿ. ನಾನು ಈಗಲೇ ಹೊರಟೆ” ಎಂದನು.

ಬಂದಿದ್ದರು. ಹಿಂದೆ ಸುಮಾರು ದೂರದವರೆಗೆ ರಸ್ತೆಯ ಮೇಲೆ ಹುರುಳಿಯನ್ನು ಹರವಿದ್ದರು. ಬಸ್ಸು ಲಾರಿಗಳೂ ಅದರ ಮೇಲೆಯೇ ಹಾಯುತ್ತಿದ್ದವು. ತಾವೂ ಹಾಯ್ದರೆ ರೈತರಿಗೆ ಉಪಕಾರವೇ ಎಂದು ಅವರು ತಿಳಿದಿದ್ದರು. ಈಗ ಬಗ್ಗಿ ನೋಡಿದರೆ, ಮುಂದಿನ ಚಕ್ರಗಳನ್ನು ತಿರುಗಿಸುವ ದಂಡಕ್ಕೆ ಹುರುಳಿಯ ಬಳ್ಳಿ ಹಗ್ಗ ಹೊಸೆದಂತೆ ಬಿಗಿದುಕೊಂಡಿದೆ! ದಂಡದ ಕೀಲಿಗೆ ತೊಡಿಸಿದ ರಬ್ಬರಿನ ಟೋಪಿಯನ್ನು ಅದು ಉಜ್ಜಿ ಉಜ್ಜಿ ಹರಿದಿದೆ. ಒಳಗಿನ ಗ್ರೀಸು ಹೊರಕ್ಕೆ ಜಿನುಗಿದೆ. ಒಣ ಸೊಪ್ಪಿನ ತುದಿಯೊಂದು ಸೈಲೆನ್ಸರಿನ ಕೊಳವೆಗೆ ತಾಗಿ ತೆಳುವಾಗಿ ಹೊಗೆಯಾಡುತ್ತಿದೆ. ಆ ಕೊಳವೆ ಕೆಲವು ನೂರು ಡಿಗ್ರಿಗಳಷ್ಟು ಕಾದಿರುತ್ತದೆ. ಸೊಪ್ಪಿಗೂ ಗ್ರೀಸಿಗೂ ಒಂದು ಕಿಡಿ ಸಾಕು. ಹೀಗೆ ಕಾರುಗಳು ನಡುಹಾದಿಯಲ್ಲಿಯೇ ಉರಿದುಹೋದ ಪ್ರಸಂಗಗಳು ಈ ಸೀಮೆಗೆ ಹೊಸತಲ್ಲ. ಚಾಮರಾಜನಗರದ ಕಡೆಯೂ ನಡೆದಿವೆ.

ಮೇಷ್ಟರು ಬೊಗಸೆಬೊಗಸೆಯಾಗಿ ಮಣ್ಣೆರಚಿ ಹೊಗೆಯನ್ನು ಅಡಗಿಸಿದರು. ಅಷ್ಟರಲ್ಲಿ ಪಕ್ಕದ ಹೊಲದಿಂದ ಮೊರವನ್ನೂ ಕುಡುಗೋಲನ್ನೂ ಹಿಡಿದ ವೃದ್ಧೆಯೊಬ್ಬಳು ಓಡಿಬಂದಳು. ಹರವಿದ್ದ ಹುರುಳಿ ಅವಳದೇ.

“ರಸ್ತೆಯೇನು ನಿಮ್ಮ ಕಣವೇ, ತಾಯಿ?” ಎಂದು ಮೇಷ್ಟರು ಸಿಟ್ಟಿನಿಂದ ಕೇಳಿದರು.

“ಕಣ ಎಲ್ಲೈತೆ ಸ್ವಾಮಿ? ಕಣಕ್ಕೆ ಎತ್ತೆಲ್ಲವೆ? ಎತ್ತು ಕಟ್ಟೋಕೆ ಮನೇಲಿ ಯಾರವರೆ?”

ಮೇಷ್ಟರಿಗೆ ಮಾತು ಹೊರಡಲಿಲ್ಲ. ಅವರ ತಂದೆಯ ಕಾಲದಲ್ಲಿ ಸುಗ್ಗಿ ಬಂದಿತೆಂದರೆ ನೆಲವನ್ನು ಕೆತ್ತಿ, ನೀರು ಹೊಯ್ದು, ಬಡಿದು, ಸಗಣಿಯಿಂದ ಸಾರಿಸಿ ಕಣ ಮಾಡುತ್ತಿದ್ದರು. ನಡುವೆ ಮೇಟಿಯ ಕಂಬ; ಸುತ್ತ ರೋಣಗಲ್ಲನ್ನು ಎಳೆಯುವ ಎತ್ತುಗಳು; ಬೆಳುದಿಂಗಳಿನಲ್ಲಿ ರಾಶಿಯ ಪೂಜೆ. ಆ ಕಣವಿದ್ದ ಜಾಗದಲ್ಲಿ ಈಗ ಅವರದೇ ಮನೆಯ ಕಾರು ನಿಲ್ಲುವ ಕೊಟ್ಟಿಗೆಯಿತ್ತು. ಮಳೆಯನ್ನೇ ನಂಬಿ ರಾಗಿ ಹುರುಳಿಗಳನ್ನು ಬೆಳೆಯುವ ನಾಡಿನಲ್ಲಿ, ಬೇಗ ಒಣಗುವ, ಪುಕ್ಕಟೆಯಾಗಿ ತುಳಿಸಿಕೊಡುವ ಡಾಂಬರು ರಸ್ತೆ ರೈತನನ್ನು ಸೆಳೆದರೆ ಆಶ್ಚರ್ಯವಿಲ್ಲ. ಸಾರ್ವಜನಿಕ ಹಾದಿಗೆ ಅಡ್ಡಿಪಡಿಸುವುದು 1860ರ ದಂಡಸಂಹಿತೆಯಲ್ಲಿಯೂ ಅಪರಾಧವಾಗಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಅಪರಾಧವೇ. ಉದ್ಯೋಗ ಖಾತ್ರಿ ಯೋಜನೆಯಲ್ಲಿ ಕೆಲವು ಊರುಗಳಿಗೆ ಒಕ್ಕಣೆಯ ಕಣಗಳು ದೊರೆತದ್ದೂ ನಿಜ. ಈ ಮುದುಕಿಯ ಊರಿಗೆ ಅದು ಬಂದಿರಲಿಲ್ಲ.

ಮೆಕ್ಯಾನಿಕ್ಕನು ಬರುವ ವೇಳೆಗೆ ಕಾರು ತಣ್ಣಗಾಗಿತ್ತು. ಜಾಕಿಯನ್ನು ಏರಿಸಿ, ಅದೊಂದನ್ನೇ ನಂಬದೆ ಅಡಿಗೆ ದಪ್ಪ ಕಲ್ಲುಗಳನ್ನು ಕೊಟ್ಟು, ಮುದುಕಿಯ ಕುಡುಗೋಲಿನಿಂದಲೇ ಬಳ್ಳಿಯನ್ನು ಕತ್ತರಿಸಿ ಎಳೆದನು. ಸೋರಿದ ಗ್ರೀಸನ್ನು ಒರೆಸಿ, ಹರಿದ ರಬ್ಬರಿಗೆ ಬಟ್ಟೆ ಸುತ್ತಿ, “ನಿಧಾನವಾಗಿ ನಡೆಸಿ. ನಾಳೆ ಹೊಸದು ಹಾಕಿ ಗ್ರೀಸು ತುಂಬ್ತೀನಿ” ಎಂದನು. ಬೆಲ್ಟಿನ ಮಾತನ್ನು ಅವನು ಎತ್ತಲಿಲ್ಲ. ಮೇಷ್ಟರೇ ಎತ್ತಿ, “ತಪ್ಪಾಯಿತು ಕಣಯ್ಯ” ಎಂದರು.

ಮುದುಕಿಯು ರಸ್ತೆಯಂಚಿನಲ್ಲಿ ಕುಳಿತು, ಕತ್ತರಿಸಿ ಎಸೆದ ಸೊಪ್ಪಿನ ಮುದ್ದೆಗಳಲ್ಲಿ ಗ್ರೀಸು ತಾಗದಿದ್ದುದನ್ನು ಬೇರ್ಪಡಿಸಿ ಮೊರಕ್ಕೆ ಬಡಿಯುತ್ತಿದ್ದಳು. ಮೇಷ್ಟರು ಕಾರಿನ ಬಾಗಿಲನ್ನು ಮುಚ್ಚುವ ಹೊತ್ತಿಗೆ ಮೊರದಲ್ಲಿ ಒಂದು ಹಿಡಿಯಷ್ಟು ಹುರುಳಿ ಕೂಡಿತ್ತು.