ದೊಡ್ಡದಾಗಿ ಕಾಣಬೇಕೋ, ಚೆನ್ನಾಗಿ ಕಾಣಬೇಕೋ?

ನಮ್ಮ ಶಾಲೆಯ ಕಪಾಟಿನಲ್ಲಿ ಒಂದು ದೂರದರ್ಶಕ ಇದೆ. ಕೆಲವು ವರ್ಷಗಳ ಹಿಂದೆ ಹಳೆಯ ವಿದ್ಯಾರ್ಥಿಗಳು ಸೇರಿ ಕೊಡಿಸಿದ್ದು. ಒಳಗೆ 114 ಮಿಲಿಮೀಟರ್ ಅಗಲದ ನಿಮ್ನ ದರ್ಪಣ, ಅದರ ಸಂಗಮದೂರ 900 ಮಿಲಿಮೀಟರ್. ಜೊತೆಗೆ ಬಂದದ್ದು ಎರಡು ಐಪೀಸ್, ಅಂದರೆ ನಾವು ಕಣ್ಣಿಟ್ಟು ನೋಡುವ ಕಡೆಯ ಪುಟ್ಟ ಮಸೂರದ ಕೊಳವೆಗಳು: ಒಂದು 25 ಮಿ.ಮೀ., ಇನ್ನೊಂದು 10 ಮಿ.ಮೀ.

ಚಂದ್ರನನ್ನು ತೋರಿಸಿದಾಗ ಮಕ್ಕಳಿಗೆ ಖುಷಿಯೋ ಖುಷಿ. ಶನಿಯನ್ನು ತೋರಿಸಿದಾಗ ಮಾತ್ರ ಮುಖ ಸಪ್ಪೆ. "ಎಳ್ಳಿನ ಕಾಳಿನಷ್ಟ ಐತ್ರಿ ಸರ. ಇನ್ನೂ ದೊಡ್ಡದ ಮಾಡ್ರಿ" ಅನ್ನುತ್ತಿದ್ದರು.

ದೊಡ್ಡದು ಮಾಡಬೇಕಾದರೆ ಹೊಸ ಐಪೀಸ್ ಬೇಕು. 2025ರ ನವೆಂಬರಿನಲ್ಲಿ ಪಾಲಕರ ಸಭೆಯಲ್ಲಿ ವಿಷಯ ಇಟ್ಟೆವು. ನಮ್ಮ ಪಾಲಕರು ಯಾರೆಂದು ಗಡಿಯಾಚೆ ಕನ್ನಡ ಶಾಲೆ ನಡೆಸುವವರಿಗೆ ಹೇಳಬೇಕಿಲ್ಲ. ವಿಜಯಪುರ, ಬಾಗಲಕೋಟೆ, ಗದಗ ಕಡೆಯಿಂದ ದುಡಿಯಲು ಬಂದವರು. ಸ್ಲ್ಯಾಬ್ ಹಾಕುವವರು, ಮನೆಗೆಲಸಕ್ಕೆ ಹೋಗುವವರು. ಐವತ್ತು, ನೂರು ಹೀಗೆ ಸೇರಿಸಿ 3,000 ರೂಪಾಯಿ ಆಯಿತು. ಹಣ ಕೊಡುತ್ತ ಒಬ್ಬ ತಂದೆ ಹೇಳಿದರು: "ಮಾಸ್ತರ, ತಗೊಳ್ಳೂದಾದ್ರ ಎಲ್ಲಾದಕ್ಕಿಂತ ದೊಡ್ಡದ ತೋರಸೂದ ತಗೋರಿ. ಸಣ್ಣದಕ್ಕ ಯಾಕ ರೊಕ್ಕ ಹಾಕ್ತೀರಿ?"

ಆ ಮಾತು ಕೇಳಿ ನಮಗೆ ಸ್ವಲ್ಪ ಕಸಿವಿಸಿ. ಯಾಕೆಂದರೆ "ಎಲ್ಲಾದಕ್ಕಿಂತ ದೊಡ್ಡದು" ನಮ್ಮ ಕಪಾಟಿನಲ್ಲಿ ಆಗಲೇ ಬಿದ್ದಿತ್ತು!

ಅದರ ಕಥೆ ಹೀಗೆ. ದೂರದರ್ಶಕ ಬಂದ ವರ್ಷವೇ ಉತ್ಸಾಹದಲ್ಲಿ 900 ರೂಪಾಯಿ ಕೊಟ್ಟು 4 ಮಿ.ಮೀ.ನ ಐಪೀಸ್ ಒಂದನ್ನು ತರಿಸಿದ್ದೆವು. ಲೆಕ್ಕ ಸುಲಭ: ದರ್ಪಣದ ಸಂಗಮದೂರವನ್ನು ಐಪೀಸಿನ ಸಂಗಮದೂರದಿಂದ ಭಾಗಿಸಿದರೆ ವರ್ಧನೆ ಸಿಗುತ್ತದೆ. 900ನ್ನು 25ರಿಂದ ಭಾಗಿಸಿದರೆ 36 ಪಟ್ಟು. 10ರಿಂದ ಭಾಗಿಸಿದರೆ 90. 4ರಿಂದಾದರೆ 225! ಹಲಗೆಯ ಮೇಲೆ ಬರೆದಾಗ ಮಕ್ಕಳು ಚಪ್ಪಾಳೆ ಹೊಡೆದಿದ್ದರು. ರಾತ್ರಿ ನೋಡಿದರೆ ಮಂಜಿನೊಳಗೆ ತೇಲುವ ಹಳದಿ ಮುದ್ದೆ. ಅದೂ ಕಣ್ಣಿಗೆ ಸಿಗುವಷ್ಟರಲ್ಲಿ ಮಾಯ. ಆ ಐಪೀಸ್ ಮತ್ತೆ ಡಬ್ಬಿಯಿಂದ ಹೊರಬರಲಿಲ್ಲ. ಆಗ ಹೋದದ್ದು ನಮ್ಮ ಕೈಯ ಹಣ, ಹೋಗಲಿ. ಈ ಸಲದ್ದು ಪಾಲಕರ ಬೆವರು. ಎರಡನೇ ಸಲ ತಪ್ಪುವ ಹಾಗಿರಲಿಲ್ಲ.

ಇರಲಿ, ವಿಷಯಕ್ಕೆ ಬರೋಣ. 225 ಪಟ್ಟು ಯಾಕೆ ಕೈಕೊಟ್ಟಿತು?

ಮೊದಲನೆಯದು ಬೆಳಕು. ದರ್ಪಣ ಹಿಡಿಯುವ ಬೆಳಕು ಅಷ್ಟೇ ಇರುತ್ತದೆ, ನಾವು ಅದನ್ನು ಹೆಚ್ಚು ಜಾಗಕ್ಕೆ ಹರಡುತ್ತೇವೆ. 36ರಿಂದ 225 ಪಟ್ಟಿಗೆ ಹೋದರೆ ಬಿಂಬ ಸುಮಾರು 39 ಪಟ್ಟು ಮಂಕಾಗುತ್ತದೆ. ಪುಗ್ಗೆಯ ಮೇಲೆ ಪೆನ್ನಿನಿಂದ ಹೆಸರು ಬರೆದು ಊದಿ ನೋಡಿ. ಅಕ್ಷರ ದೊಡ್ಡದಾಗುತ್ತದೆ, ಶಾಯಿ ತೆಳುವಾಗುತ್ತದೆ, ಹೊಸ ಅಕ್ಷರ ಮಾತ್ರ ಒಂದೂ ಹುಟ್ಟುವುದಿಲ್ಲ.

ಎರಡನೆಯದು ದರ್ಪಣದ ಮಿತಿ. ದರ್ಪಣದ ಅಗಲ ಎಷ್ಟು ಮಿಲಿಮೀಟರೋ ಅದರ ಎರಡು ಪಟ್ಟು, ಅಷ್ಟೇ ಉಪಯೋಗದ ವರ್ಧನೆ ಎಂಬುದು ಬಲ್ಲವರು ಬಳಸುವ ಅಂದಾಜು. ನಮ್ಮದಕ್ಕೆ 228. ಅದೂ ದರ್ಪಣ ನೆಟ್ಟಗೆ ಹೊಂದಿಕೊಂಡಿದ್ದು, ಗಾಳಿ ನಿಶ್ಚಲವಾಗಿರುವ ಅಪರೂಪದ ರಾತ್ರಿಗೆ. ನಮ್ಮ ಪೆಟ್ಟಿಗೆಯ ಮೇಲೆ ಮಾತ್ರ "675 ಪಟ್ಟು" ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದೆ. 225ಕ್ಕೆ ಮೂರು ಪಟ್ಟಿನ ಇನ್ನೊಂದು ಮಸೂರ ಸೇರಿಸಿದರೆ ಲೆಕ್ಕಕ್ಕೆ 675 ಆಗುತ್ತದೆ. ಲೆಕ್ಕಕ್ಕೆ ಮಾತ್ರ.

ಮೂರನೆಯದು ಗಾಳಿ. ಹರಿಯುವ ಹೊಳೆಯ ತಳದಲ್ಲಿ ಬಿದ್ದ ನಾಣ್ಯ ಹೇಗೆ ಕಾಣುತ್ತದೆ? ನಾವೂ ಗಾಳಿಯ ಹೊಳೆಯ ತಳದಿಂದಲೇ ಮೇಲೆ ನೋಡುತ್ತಿದ್ದೇವೆ. ನಾಣ್ಯವನ್ನು ದೊಡ್ಡದು ಮಾಡಿದರೆ ಅದರ ಅಲುಗಾಟವೂ ದೊಡ್ಡದಾಗುತ್ತದೆ.

ಹಾಗಾದರೆ ಎಷ್ಟು ಸಾಕು? ಗೆಲಿಲಿಯೊ 1610ರಲ್ಲಿ ಗುರುವಿನ ನಾಲ್ಕು ಚಂದ್ರರನ್ನು ಕಂಡದ್ದು ಸುಮಾರು 20 ಪಟ್ಟಿನ ದೂರದರ್ಶಕದಲ್ಲಿ. ಹೈಗೆನ್ಸ್ 1655ರಲ್ಲಿ ಶನಿಯ ಚಂದ್ರ ಟೈಟನ್ನನ್ನು ಕಂಡದ್ದು ಸುಮಾರು 50 ಪಟ್ಟಿನಲ್ಲಿ. ಇದನ್ನು ಓದಿದ ಮೇಲೆ ನಮ್ಮ ಆಸೆ ಸ್ವಲ್ಪ ತಣ್ಣಗಾಯಿತು. 150ರಿಂದ 180ರ ನಡುವೆ ಸಿಕ್ಕರೆ ಸಾಕು ಎಂದು ನಿಶ್ಚಯಿಸಿದೆವು.

ನಮ್ಮ ಹಣಕ್ಕೆ ಎರಡು ದಾರಿ ಇದ್ದವು. ಒಂದು, ಎರಡು ಪಟ್ಟಿನ ಬಾರ್ಲೋ ಮಸೂರ. ಅದನ್ನು ಐಪೀಸಿನ ಕೆಳಗೆ ಸಿಕ್ಕಿಸಿದರೆ ವರ್ಧನೆ ಇಮ್ಮಡಿ. ನಮ್ಮ 25 ಮಿ.ಮೀ. 72 ಪಟ್ಟು ಕೊಡುತ್ತದೆ, 10 ಮಿ.ಮೀ. 180 ಪಟ್ಟು ಕೊಡುತ್ತದೆ. ಒಂದರ ಬೆಲೆಗೆ ಎರಡು! ಒಳ್ಳೆಯ ಐಪೀಸ್ ಇದ್ದವರಿಗೆ ಇದು ಜಾಣ ದಾರಿಯೇ. ಆದರೆ ಪೆಟ್ಟಿಗೆಯ ಜೊತೆ ಬಂದ ನಮ್ಮ 10 ಮಿ.ಮೀ.ಯಲ್ಲೇ ಅಂಚು ಮಸುಕು. ಬಾರ್ಲೋ ಆ ಮಸುಕನ್ನೂ ಹಿಗ್ಗಿಸುತ್ತದೆ.

ಇನ್ನೊಂದು, 66 ಡಿಗ್ರಿ ಅಗಲದ ನೋಟವಿರುವ 6 ಮಿ.ಮೀ. ಐಪೀಸ್. ಕೊಡುವುದು 150 ಪಟ್ಟು. ಸಂಖ್ಯೆಯಲ್ಲಿ ಇದು ಬಾರ್ಲೋಗಿಂತ ಕಡಿಮೆ. ಆದರೆ ನಮ್ಮ ಪ್ರಶ್ನೆ ಒಬ್ಬರು ನೋಡುವುದಲ್ಲ, ನಲವತ್ತು ಮಕ್ಕಳ ಸಾಲು!

ನಮ್ಮ ದೂರದರ್ಶಕಕ್ಕೆ ಮೋಟಾರಿಲ್ಲ. ಭೂಮಿ ತಿರುಗಿದಂತೆ ಗ್ರಹ ನೋಟದಿಂದ ಸರಿಯುತ್ತದೆ. ಎಷ್ಟು ಹೊತ್ತು ನಿಲ್ಲುತ್ತದೆಂದು ಮಕ್ಕಳಿಂದಲೇ ಲೆಕ್ಕ ಮಾಡಿಸಿದೆವು. ಹಳೆಯ 4 ಮಿ.ಮೀ.ಯ ನೋಟ ಸುಮಾರು 50 ಡಿಗ್ರಿ. ಅದನ್ನು 225ರಿಂದ ಭಾಗಿಸಿದರೆ ಆಕಾಶದಲ್ಲಿ ಕಾಣುವುದು ಕಾಲು ಡಿಗ್ರಿಗೂ ಕಡಿಮೆ. ಗ್ರಹ ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದು ನಿಮಿಷದೊಳಗೆ ಹೋಗಿಬಿಡುತ್ತದೆ. 66ನ್ನು 150ರಿಂದ ಭಾಗಿಸಿದರೆ 0.44 ಡಿಗ್ರಿ. ಒಂದೂ ಮುಕ್ಕಾಲು ನಿಮಿಷ! ಅಷ್ಟರಲ್ಲಿ ಮೂರ್ನಾಲ್ಕು ಮಕ್ಕಳು ನೋಡಬಹುದು.

ಮತ್ತೊಂದು ಮಾತು, ಕಣ್ಣಿನ ದೂರ. ಪ್ಲಾಸಲ್ ಎಂಬ ಸಾಮಾನ್ಯ ಬಗೆಯ ಐಪೀಸಿನಲ್ಲಿ ಸಂಗಮದೂರ ಕಡಿಮೆಯಾದಷ್ಟೂ ಕಣ್ಣನ್ನು ಗಾಜಿಗೆ ಹತ್ತಿರ ಒಯ್ಯಬೇಕು. 4 ಮಿ.ಮೀ.ಯಲ್ಲಿ ಮೂರು ಮಿಲಿಮೀಟರಿನಷ್ಟು ಹತ್ತಿರ! ರೆಪ್ಪೆ ತಾಗಿ ಗಾಜು ಜಿಡ್ಡಾಗುತ್ತದೆ. ಕನ್ನಡಕದ ಮಕ್ಕಳಿಗಂತೂ ಏನೂ ಕಾಣುವುದಿಲ್ಲ. ಅಗಲ ನೋಟದ 6 ಮಿ.ಮೀ.ಯಲ್ಲಿ ಒಳಗೆ ಹೆಚ್ಚಿನ ಮಸೂರ ಇಟ್ಟು ಕಣ್ಣಿಗೆ ಆರಾಮದ ದೂರ ಕೊಟ್ಟಿರುತ್ತಾರೆ. ನಮ್ಮಲ್ಲಿ ಕನ್ನಡಕದ ಒಬ್ಬ ಹುಡುಗ ಹಿಂದಿನ ಸಲ "ಕಂಡಿತು" ಎಂದು ಸುಳ್ಳು ಹೇಳಿ ಸಾಲಿನಿಂದ ಸರಿದಿದ್ದ. ಅದು ನಮಗೆ ಆಮೇಲೆ ಗೊತ್ತಾಯಿತು.

ಕೊಳ್ಳುವ ಮುಂಚೆ ನೋಡೇ ಕೊಳ್ಳಬೇಕು ಎಂದು ಹಟ ಹಿಡಿದೆವು. ಪಣಜಿಯಲ್ಲಿ ಆಕಾಶ ನೋಡುವ ಹವ್ಯಾಸ ಹೊಸದಲ್ಲ. ಹದಿನೆಂಟು ಜೂನ್ ರಸ್ತೆಯ ಜುಂತಾ ಹೌಸ್ ತಾರಸಿಯ ಮೇಲೆ ಅಸೋಸಿಯೇಷನ್ ಆಫ್ ಫ್ರೆಂಡ್ಸ್ ಆಫ್ ಆಸ್ಟ್ರಾನಮಿಯವರು ವರ್ಷಗಟ್ಟಲೆ ಸಾರ್ವಜನಿಕರಿಗೆ ಗ್ರಹ, ನಕ್ಷತ್ರ ತೋರಿಸಿದ್ದಾರೆ. ಹಾಗಾಗಿ ಊರಲ್ಲಿ ಈ ಹುಚ್ಚಿನವರು ಸಾಕಷ್ಟು ಜನ. ಅಂಥ ಒಬ್ಬ ಹಿರಿಯರು ತಮ್ಮ 6 ಮಿ.ಮೀ. ಐಪೀಸನ್ನು ಒಂದು ರಾತ್ರಿಗೆ ಕೊಟ್ಟರು.

ಡಿಸೆಂಬರಿನ ಒಂದು ಸಂಜೆ ಮಿರಾಮಾರ್ ಕಡಲತೀರಕ್ಕೆ ಹೋದೆವು. ಊರಿನ ದೀಪಗಳ ಚಿಂತೆ ಬೇಡ. ಚಂದ್ರ, ಗುರು, ಶನಿ ದೀಪಕ್ಕೆ ಹೆದರುವವರಲ್ಲ. ದರ್ಪಣ ಹೊರಗಿನ ಗಾಳಿಗೆ ಹೊಂದಿಕೊಳ್ಳಲೆಂದು ಅರ್ಧ ಗಂಟೆ ಸುಮ್ಮನೆ ಇಟ್ಟೆವು. 25 ಮಿ.ಮೀ.ಯಲ್ಲಿ ಶನಿಯನ್ನು ನಡುವಿಗೆ ತಂದು, ಆಮೇಲೆ 6 ಮಿ.ಮೀ. ಹಾಕಿದೆವು. ಈ ಕ್ರಮ ತಪ್ಪಿದರೆ ಗ್ರಹ ಹುಡುಕುವುದರಲ್ಲೇ ರಾತ್ರಿ ಕಳೆಯುತ್ತದೆ.

ಮೊದಲು ನೋಡಿದ ಹುಡುಗಿ ಕೇಳಿದಳು: "ಬಳಿ ಎಲ್ಲೈತ್ರಿ ಸರ?"

ಎದೆ ಧಸಕ್ಕೆಂದಿತು. ಬಳೆ ತೋರಿಸಲೆಂದೇ ಇಷ್ಟೆಲ್ಲ! ನೋಡಿದರೆ ದುಂಡು ಬಿಲ್ಲೆಯ ಎರಡೂ ಪಕ್ಕಕ್ಕೆ ಕೂದಲೆಳೆಯ ಗೆರೆ, ಅಷ್ಟೇ. ತಪ್ಪು ಐಪೀಸಿನದಲ್ಲ. 2025ರ ಮಾರ್ಚಿನಲ್ಲಿ ಶನಿಯ ಬಳೆಗಳು ಭೂಮಿಗೆ ಅಂಚು ಮಾಡಿ ನಿಂತಿದ್ದವು. ವರ್ಷದ ಕೊನೆಗೂ ಅವು ಹೆಚ್ಚು ತೆರೆದಿರಲಿಲ್ಲ. ನಮಗೆ ಗೊತ್ತಿದ್ದೂ ಮಕ್ಕಳಿಗೆ ಮೊದಲೇ ಹೇಳಿರಲಿಲ್ಲ. ಅದು ನಮ್ಮ ತಪ್ಪು. ಆಗ ಆ ಕನ್ನಡಕದ ಹುಡುಗ ಬಂದ. ಕನ್ನಡಕ ತೆಗೆಯದೆ, ತುಂಬಾ ಹೊತ್ತು ನೋಡಿದ. "ಲಿಂಬಿಹಣ್ಣಿನ್ಯಾಗ ದಬ್ಬಣ ಆರಪಾರ ಹೋದಂಗ ಐತ್ರಿ ಸರ!"

ಅಲ್ಲಿಗೆ ನಮ್ಮ ಪರೀಕ್ಷೆ ಮುಗಿಯಿತು. ಗೆಲಿಲಿಯೊ ಕೂಡ 1612ರಲ್ಲಿ ಶನಿಯ ಪಕ್ಕದ ಆಕಾರ ಮಾಯವಾದದ್ದು ಕಂಡು ಕಕ್ಕಾಬಿಕ್ಕಿಯಾಗಿದ್ದ, ಅದು ಬಳೆ ಎಂದು 1659ರಲ್ಲಿ ಹೈಗೆನ್ಸ್ ಬರೆದ ಮೇಲೇ ಗುಟ್ಟು ತಿಳಿದದ್ದು ಎಂದು ಅಲ್ಲೇ ಮರಳ ಮೇಲೆ ಚಿತ್ರ ಬರೆದು ಹೇಳಿದೆವು. ಮುಂದೆ ಬಳೆಗಳು ಹೀಗೆ ಅಂಚು ಮಾಡುವುದು 2038–39ರಲ್ಲಿ. ಆಗ ಈ ಮಕ್ಕಳು ದುಡಿಯುವ ವಯಸ್ಸಿನವರು.

ಪೂರ್ವದಲ್ಲಿ ಆಗಷ್ಟೇ ಏರುತ್ತಿದ್ದ ಗುರು ಮಾತ್ರ ಕುದಿಯುವ ಎಸರಿನಲ್ಲಿ ಇಟ್ಟಂತೆ ಕಂಡ. ಅಲ್ಲಿಗೆ 150 ಪಟ್ಟೂ ಹೆಚ್ಚೇ. 90ಕ್ಕೆ ಇಳಿದಾಗ ಪಟ್ಟೆಗಳು ಕಂಡವು. ಗ್ರಹ ಮೇಲೇರುವವರೆಗೆ ಕಾಯಬೇಕು.

6 ಮಿ.ಮೀ.ಯನ್ನೇ ಕೊಂಡೆವು, 2,600 ರೂಪಾಯಿ. ಉಳಿದ 400ಕ್ಕೆ ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್. ಗೋವೆಯ ಮಳೆಗಾಲದಲ್ಲಿ ಗಾಜಿನ ಮೇಲೆ ಬೂಸ್ಟು ಹಿಡಿದರೆ ಎಷ್ಟು ಒಳ್ಳೆಯ ಐಪೀಸಾದರೂ ಹಾಳು.

ಮುಂದಿನ ಸಭೆಯಲ್ಲಿ ಲೆಕ್ಕ ಒಪ್ಪಿಸಿ, ಹಳೆಯ 4 ಮಿ.ಮೀ.ಯ ಕಥೆಯನ್ನೂ ಬಿಚ್ಚಿ ಹೇಳಿದೆವು. "ದೊಡ್ಡದ ತಗೋರಿ" ಎಂದಿದ್ದ ಆ ತಂದೆಗೆ ಅಂದು ರಾತ್ರಿ ಎರಡರಲ್ಲೂ ಚಂದ್ರನನ್ನು ತೋರಿಸಿದೆವು. ಎರಡನ್ನೂ ನೋಡಿ, "ಇದs ಇರಲಿ ಬಿಡ್ರಿ" ಎಂದು 6 ಮಿ.ಮೀ. ಕಡೆ ಕೈ ತೋರಿಸಿದರು.

ನಿಮ್ಮ ಶಾಲೆಗೂ ಕೊಳ್ಳುವುದಿದ್ದರೆ ಮೊದಲು ಕೊಳವೆಯ ಅಳತೆ ನೋಡಿ. ಈಗಿನವು ಒಂದೂಕಾಲು ಇಂಚು. ಕೆಲವು ಹಳೆಯ ದೂರದರ್ಶಕಗಳದ್ದು ಅದಕ್ಕಿಂತ ಸಣ್ಣದು, ಕೂರುವುದಿಲ್ಲ. ದೂರದರ್ಶಕವನ್ನು ಸೂರ್ಯನ ಕಡೆ ಎಂದೂ ತಿರುಗಿಸಬೇಡಿ, ಕಣ್ಣೇ ಹೋಗುತ್ತದೆ. ಪೆಟ್ಟಿಗೆಯ ಮೇಲಿನ ಸಂಖ್ಯೆ ನಂಬಬೇಡಿ. ಹತ್ತಿರದ ಶಾಲೆಯವರು ಬಂದರೆ ನಮ್ಮದನ್ನೇ ಹಾಕಿ ನೋಡಬಹುದು. 4 ಮಿ.ಮೀ.ಯನ್ನೂ ನೋಡಿ ಹೋಗಿ, ಅದನ್ನು ಈಗ ಪಾಠಕ್ಕೆಂದೇ ಇಟ್ಟಿದ್ದೇವೆ.