ಗಾಡಿ ಎಡಕ್ಕೆ ಎಳೆಯುವ ವಿಚಾರ

ಸ್ಟಿಯರಿಂಗ್ ಹಿಡಿದ ಬೆರಳುಗಳನ್ನು ಒಂದಿಷ್ಟು ಸಡಿಲಿಸಿದೊಡನೆ ಗಾಡಿ ಎಡಕ್ಕೆ ಸರಿಯಿತೆಂದರೆ, ಒಳಗಿರುವವರೆಲ್ಲರೂ ಒಕ್ಕೊರಲಿನಿಂದ ಹೇಳುವ ಮಾತು ‘ಅಲೈನ್‌ಮೆಂಟ್ ಹೋಗಿದೆ’ ಎಂಬುದು. ನನಗಾದರೋ ಆ ಕ್ಷಣದಲ್ಲಿ, ಗಾಡಿಯ ಒಡೆಯರ ಎದುರಿಗೆ ತೋರಗೊಡಬಾರದಂತಹ ಒಂದು ಸಂತೋಷವುಂಟಾಗುತ್ತದೆ. ಆ ಒಂದೇ ಎಳೆತಕ್ಕೆ ಐದಾರು ಕಾರಣಗಳಿರಬಹುದು. ಅವುಗಳನ್ನು ಸುಲಭವಾದುದರಿಂದ ಮೊದಲುಗೊಂಡು ದುಬಾರಿಯಾದುದರವರೆಗೆ ಕ್ರಮವಾಗಿ ವಿಚಾರಿಸುತ್ತ, ಕಣ್ಣು, ಅಂಗೈ ಮತ್ತು ತರ್ಕ ಇವಿಷ್ಟರಿಂದಲೇ ನಿಜವಾದುದನ್ನು ಹಿಡಿಯುವುದು ನನ್ನ ಬಿಡುವಿನ ವೇಳೆಯ ಅತ್ಯಂತ ಪ್ರಿಯವಾದ ವಿನೋದ.

ಮೊದಲು ಸಂದೇಹಿಸತಕ್ಕದ್ದು ರಸ್ತೆಯನ್ನು. ಮಳೆಯ ನೀರು ನಿಲ್ಲದಿರಲೆಂದು ದಾರಿಯ ನಡುವನ್ನು ಉಬ್ಬಿಸಿ, ಅಂಚಿನ ಕಡೆಗೆ ನೂರಕ್ಕೆ ಸುಮಾರು 2ರಷ್ಟು ಇಳಿಜಾರು ಕೊಟ್ಟಿರುವುದರಿಂದ, ಎಡಬದಿಯಲ್ಲಿ ಚಲಿಸುವ ನಮ್ಮ ದೇಶದ ವಾಹನಗಳು ಕೊಂಚ ಎಡಕ್ಕೆ ವಾಲುವುದು ಸಹಜವೇ ಆಗಿದೆ. ಆದುದರಿಂದ ಚಳ್ಳಕೆರೆಯ ಸೀಮೆಯಂತಹ ಬಯಲುನಾಡಿನಲ್ಲಿ, ಹಿಂದೆ ಮುಂದೆ ದೂರದವರೆಗೂ ಯಾರೂ ಇಲ್ಲದ ದಾರಿಯ ನಡುಗೆರೆಯ ಮೇಲೆ ನಿಧಾನವಾಗಿ ಸಾಗಿ, ಅಲ್ಲಿಯೂ ಎಳೆದರೆ ಮಾತ್ರ ಗಾಡಿಯನ್ನು ದೂರಬೇಕು. ಅನಂತರ ಗಾಳಿ. ಟಯರುಗಳು ತಣ್ಣಗಿರುವಾಗ ಎಡಬಲಗಳ ಗಾಳಿಯನ್ನು ಅಳೆದರೆ, ಕಡಮೆಯಿರುವ ಕಡೆಗೇ ಗಾಡಿ ಎಳೆಯುತ್ತಿದ್ದುದು ತಿಳಿದುಬಂದು, ಪಂಕ್ಚರ್ ಅಂಗಡಿಯ ಬಾಗಿಲಲ್ಲಿಯೇ ವಿಚಾರಣೆ ಮುಗಿಯುವುದುಂಟು. ಇಷ್ಟು ಬೇಗ ಮುಗಿದುದಕ್ಕೆ ನನಗೆ ಸ್ವಲ್ಪ ನಿರಾಶೆಯಾಗುವುದೂ ಉಂಟು.

ಇಲ್ಲಿಂದ ಮುಂದೆ ರಸಪೂರ್ಣವಾದ ಭಾಗ. ಟಯರಿನ ಮೈಯಲ್ಲಿ ಅದರ ಪೂರ್ವಚರಿತ್ರೆಯೆಲ್ಲ ಅಚ್ಚಾಗಿರುತ್ತದೆ. ಎರಡು ಅಂಚುಗಳೂ ಸವೆದಿದ್ದರೆ ಬಹುಕಾಲ ಗಾಳಿ ಸಾಲದೆ ಓಡಿದೆಯೆಂದೂ, ನಡುಭಾಗ ಮಾತ್ರ ಸವೆದಿದ್ದರೆ ಗಾಳಿ ಅತಿಯಾಗಿತ್ತೆಂದೂ, ಒಂದೇ ಅಂಚನ್ನು ‘ತಿಂದಿದ್ದರೆ’ ಚಕ್ರದ ನಿಲವು ಓರೆಯಾಗಿರಬಹುದೆಂದೂ ಕಣ್ಣಿಗೇ ಕಾಣುತ್ತದೆ. ಕಣ್ಣಿಗೆ ಕಾಣದುದನ್ನು ಅಂಗೈ ತಿಳಿಸುತ್ತದೆ. ಟಯರಿನ ಮೇಲೆ ಒಳಗಿನಿಂದ ಹೊರಕ್ಕೂ ಹೊರಗಿನಿಂದ ಒಳಕ್ಕೂ ಮೆಲ್ಲನೆ ಕೈಯಾಡಿಸಿದಾಗ, ಒಂದು ದಿಕ್ಕಿನಲ್ಲಿ ನುಣುಪಾಗಿದ್ದು ಮತ್ತೊಂದು ದಿಕ್ಕಿನಲ್ಲಿ ಗರಗರನೆ ಚುಚ್ಚುವ ಸವೆತವು ಟೋ ಎಂಬ ಕೋನ ತಪ್ಪಿರುವುದರ ಗುರುತು. ಹೊರಕ್ಕೆ ಸವರುವಾಗ ಚುಚ್ಚಿದರೆ ಎರಡು ಚಕ್ರಗಳೂ ಮುಂದುಗಡೆ ಒಂದನ್ನೊಂದು ಸಮೀಪಿಸುವಂತೆ ಒಳಮುಖವಾಗಿವೆಯೆಂದೂ, ಒಳಕ್ಕೆ ಸವರುವಾಗ ಚುಚ್ಚಿದರೆ ಅವು ಹೊರಮುಖವಾಗಿವೆಯೆಂದೂ ಅರ್ಥ. ಒಂದು ಸ್ವಾರಸ್ಯವೆಂದರೆ, ಇಷ್ಟು ಟಯರನ್ನು ತಿನ್ನುವ ಮುಂಗಾಲಿಗಳ ಈ ಟೋ ದೋಷವು ಸಾಮಾನ್ಯವಾಗಿ ಗಾಡಿಯನ್ನು ಒಂದು ಪಕ್ಕಕ್ಕೆ ಎಳೆಯುವುದೇ ಇಲ್ಲ. ತಪ್ಪು ಎರಡು ಚಕ್ರಗಳಿಗೂ ಸಮನಾಗಿ ಹಂಚಿಹೋಗುವುದರಿಂದ, ಸ್ಟಿಯರಿಂಗ್ ಸೊಟ್ಟಗೆ ನಿಂತರೂ ಗಾಡಿ ನೇರವಾಗಿ ಹೋಗಿಬಿಡುತ್ತದೆ.

ಸವೆತವೆಲ್ಲ ಸರಿಯಾಗಿದ್ದೂ ಎಳೆತ ಉಳಿದರೆ, ಮುಂದಿನ ಎರಡು ಟಯರುಗಳನ್ನು ಎಡಬಲ ಬದಲಾಯಿಸಿ ನೋಡುತ್ತೇನೆ. ರೇಡಿಯಲ್ ಟಯರಿನೊಳಗಿನ ಉಕ್ಕಿನ ಪಟ್ಟಿ ತಯಾರಾಗುವಾಗಲೇ ಕೂದಲೆಳೆಯಷ್ಟು ಪಕ್ಕಕ್ಕೆ ಕುಳಿತಿದ್ದರೆ, ಆ ಟಯರು ಶಂಕುವಿನಂತೆ ಒಂದು ಕಡೆಗೆ ಉರುಳಲೆಳಸುವುದು. ಬದಲಾಯಿಸಿದ ಮೇಲೆ ಎಳೆತವೂ ಬಲಕ್ಕೆ ತಿರುಗಿದರೆ ಅಪರಾಧಿ ಟಯರೇ ಹೊರತು ಅಲೈನ್‌ಮೆಂಟ್ ಅಲ್ಲ. ಬ್ರೇಕ್ ಒತ್ತಿದಾಗ ಮಾತ್ರ ಎಳೆದರೆ ಕ್ಯಾಲಿಪರನ್ನೋ ಲೋಯರ್ ಆರ್ಮಿನ ಸವೆದ ಬುಷ್ಷನ್ನೋ ವಿಚಾರಿಸಬೇಕು. ಬ್ರೇಕನ್ನು ಹೆಚ್ಚು ಮುಟ್ಟದೆ ಓಡಿಸಿ ನಿಲ್ಲಿಸಿದಾಗಲೂ ಒಂದು ಚಕ್ರದ ಬಳಿ ಮಾತ್ರ ಝಳ ಹೊಡೆದರೆ, ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ. ಎಡಕ್ಕೆ ತಿರುಗಿಬಂದ ಮೇಲೆ ಎಡಕ್ಕೂ, ಬಲಕ್ಕೆ ತಿರುಗಿಬಂದ ಮೇಲೆ ಬಲಕ್ಕೂ ಎಳೆಯುವ ವಿಚಿತ್ರ ಗಾಡಿಗಳಿವೆ. ಅವುಗಳಲ್ಲಿ ಯಾವುದೋ ಬಾಲ್ ಜಾಯಿಂಟ್ ಬಿಗಿದುಕೊಂಡಿರುತ್ತದೆ.

ಇವೆಲ್ಲ ಮುಗಿದ ಬಳಿಕ ಉಳಿಯುವುವು ಕ್ಯಾಂಬರ್ ಮತ್ತು ಕ್ಯಾಸ್ಟರ್ ಎಂಬ ಕೋನಗಳು. ಎದುರಿನಿಂದ ನೋಡಿದಾಗ ಚಕ್ರದ ನೆತ್ತಿ ಹೊರಕ್ಕೋ ಒಳಕ್ಕೋ ವಾಲಿರುವುದು ಕ್ಯಾಂಬರ್. ಪಕ್ಕದಿಂದ ನೋಡಿದಾಗ ಚಕ್ರ ತಿರುಗುವ ಅಕ್ಷರೇಖೆಯು ಸೈಕಲ್ಲಿನ ಮುಂದಿನ ಕವಲಿನ ಹಾಗೆ ಹಿಂದಕ್ಕೆ ಒರಗಿರುವುದು ಕ್ಯಾಸ್ಟರ್. ಹೊರಕ್ಕೆ ವಾಲಿದ ಚಕ್ರಗಳು ತಂತಮ್ಮ ಪಕ್ಕಕ್ಕೆ ಉರುಳಬಯಸುತ್ತವೆ. ನೊಗದ ಎರಡು ತುದಿಗಳಲ್ಲಿ ಸಮಬಲದ ಎತ್ತುಗಳು ಅತ್ತಿತ್ತ ಸೆಳೆದರೂ ಬಂಡಿ ಜಾಡು ಬಿಡದಂತೆ, ಗಾಡಿ ನೇರವಾಗಿ ಸಾಗುತ್ತದೆ. ಎಡಬಲಗಳ ನಡುವೆ ಅರ್ಧ ಡಿಗ್ರಿಗಿಂತ ಹೆಚ್ಚು ಅಂತರ ಬಂದರೆ ಸಾಕು, ಕ್ಯಾಂಬರ್ ಹೆಚ್ಚಾದ ಕಡೆಗೆ, ಅಥವಾ ಕ್ಯಾಸ್ಟರ್ ಕಡಮೆಯಾದ ಕಡೆಗೆ ಎಳೆತ ಹುಟ್ಟುತ್ತದೆ. ನೇರವಾದ ನಡೆಯೆಂಬುದು ಸೆಳೆತವೇ ಇಲ್ಲದ ಸ್ಥಿತಿಯೆಂದು ನಾವು ಭಾವಿಸುತ್ತೇವೆ. ವಸ್ತುತಃ ಅದು ಪರಸ್ಪರ ವಿರುದ್ಧವಾದ ಸೆಳೆತಗಳ ಸಮತ್ವ. ಈ ಹಂತದಲ್ಲಿ, ಕೋನಗಳನ್ನು ಅಳೆಯುವ ಅಲೈನ್‌ಮೆಂಟ್ ಯಂತ್ರದ ಮುಂದೆ ನಾನು ವಿನೀತನಾಗುತ್ತೇನೆ. ಜಿಮ್ನಿಯಂತೆ ಮುಂದೆಯೂ ಹಿಂದೆಯೂ ಅಖಂಡವಾದ ಆಕ್ಸಲ್ ಉಳ್ಳ ಗಾಡಿಯಲ್ಲಾದರೆ, ಟೈ ರಾಡನ್ನು ತಿರುಗಿಸಿ ಟೋ ಸರಿಪಡಿಸುವುದರ ಹೊರತು ಯಂತ್ರಕ್ಕೂ ಹೆಚ್ಚೇನೂ ಕೆಲಸವಿರುವುದಿಲ್ಲ.

ಈ ಅಭ್ಯಾಸದಿಂದ ಕಲ್ಯಾಣಮಂಟಪಗಳಿಗೆ ಹೋದರೂ ನನ್ನ ದೃಷ್ಟಿ ವರನಿಗಿಂತ ಮೊದಲು ಹೊರಗೆ ನಿಂತ ಗಾಡಿಗಳ ಮುಂಗಾಲಿಗಳ ಮೇಲೆ ಬೀಳುತ್ತದೆ. ಒಳ ಅಂಚು ತಿಂದಿರುವುದನ್ನು ಒಡೆಯರಿಗೆ ತೋರಿಸಿದರೆ, “ಅಯ್ಯೋ ಬಿಡಿ ಸಾರ್, ನೇರವಾಗೇ ಹೋಗ್ತಿದೆಯಲ್ಲ!” ಎನ್ನುತ್ತಾರೆ. ಹೋಗುತ್ತಿರುವುದು ನಿಜ, ಆದರೆ ಅದನ್ನು ನೇರವಾಗಿ ನಡೆಸುತ್ತಿರುವುದು, ಅವರಿಗೇ ಅರಿವಿಲ್ಲದೆ ತಿಂಗಳುಗಟ್ಟಲೆ ಬಲಕ್ಕೆ ಒತ್ತಿ ಹಿಡಿದು ಒಗ್ಗಿಹೋಗಿರುವ ಅವರದೇ ಮಣಿಕಟ್ಟು. ಅವರು ಊಟಕ್ಕೆ ಕುಳಿತಾಗ ಬಲಭುಜವನ್ನು ಆಗಾಗ ನೀವಿಕೊಳ್ಳುತ್ತಾರೆಯೇ ಎಂದು ನಾನು ಎದುರು ಪಂಕ್ತಿಯಿಂದ ಗಮನಿಸುತ್ತಿರುತ್ತೇನೆ.