ಡಬ್ಲಿನ್ ನಗರದ ಹಳೆಯ ಪತ್ರಿಕೆಗಳು

ಮಗನು ಉದ್ಯೋಗನಿಮಿತ್ತ ಡಬ್ಲಿನ್ ನಗರದಲ್ಲಿ ನೆಲಸಿರುವುದರಿಂದ ಕಳೆದ ವೈಶಾಖದಲ್ಲಿ ನಾವು ಅಲ್ಲಿಗೆ ಹೋಗಿದ್ದೆವು. ಹೊರಡುವ ಮುನ್ನ ನೆರೆಮನೆಯ ಮಿತ್ರರು, "ಮೇಷ್ಟರೇ, ಜೋಕೆ! ಐರಿಷರು ಕುಡುಕರು, ಜಗಳಗಂಟರು" ಎಂದು ಎಚ್ಚರಿಸಿದರು. ನಾವೂ ತಲೆದೂಗಿದೆವು. ಐರಿಷರನ್ನು ಅವರೂ ಕಂಡವರಲ್ಲ, ನಾವೂ ಕಂಡವರಲ್ಲ. ತರುಣ ಕುವೆಂಪು ಅವರಿಗೆ ಕನ್ನಡದಲ್ಲಿ ಬರೆಯುವಂತೆ ಹಿತವಚನ ಹೇಳಿದ ಜೇಮ್ಸ್ ಕಸಿನ್ಸ್ ಐರಿಷ್ ಕವಿಗಳೆಂಬುದು ಆ ಕ್ಷಣ ನೆನಪಿಗೆ ಬರಲಿಲ್ಲ.

1916ರಲ್ಲಿ ಸ್ವಾತಂತ್ರ್ಯಘೋಷಣೆಯನ್ನು ಓದಿದ್ದು ಓಕಾನೆಲ್ ಬೀದಿಯ ದೊಡ್ಡ ಅಂಚೆಕಚೇರಿಯ ಮುಂದೆ. ಕಂಬಗಳ ಮೇಲಿನ ಗುಂಡಿನ ಗುರುತುಗಳನ್ನು ಜನರು ಇಂದಿಗೂ ಬೆರಳಿಟ್ಟು ತೋರಿಸುತ್ತಾರೆ. ಅಲ್ಲಿಂದ ಲಿಫಿ ನದಿಯ ಸೇತುವೆಯನ್ನು ದಾಟಿ, ಕಿಲ್ಡೇರ್ ಬೀದಿಯ ರಾಷ್ಟ್ರೀಯ ಗ್ರಂಥಭಂಡಾರವನ್ನು ಹೊಕ್ಕು, ಹಳೆಯ ಪತ್ರಿಕೆಗಳ ನಡುವೆ ಹಲವು ಮಧ್ಯಾಹ್ನಗಳನ್ನು ಕಳೆದೆವು.

ಲಂಡನ್ನಿನ 'ಪಂಚ್' ಪತ್ರಿಕೆಯ 1882ರ ಚಿತ್ರವೊಂದರಲ್ಲಿ ಐರಿಷನು ಚೂರಿ ಹಿಡಿದ ರಾಕ್ಷಸ; ಬೇರೆ ಚಿತ್ರಗಳಲ್ಲಿ ಅವನಿಗೆ ವಾನರಮುಖ. 1845ರಲ್ಲಿ ತೊಡಗಿದ ಮಹಾಕ್ಷಾಮದಲ್ಲಿ ಸುಮಾರು 10 ಲಕ್ಷ ಜನರನ್ನು ಕಳೆದುಕೊಂಡ ನಾಡು ಅದು! ವೇದಾಂತಿಗಳು ಇಂಥದನ್ನು ಅಧ್ಯಾರೋಪವೆನ್ನುವರು. ಹಗ್ಗದಲ್ಲಿ ಹಾವನ್ನು ಕಾಣುವುದು.

ಆದರೆ ಹಗ್ಗವೇ ತನ್ನನ್ನು ಹಾವೆಂದು ನಂಬಿದರೆ ಗತಿಯೇನು? 1922ರಲ್ಲಿ ಸ್ವರಾಜ್ಯ ಬಂದಮೇಲೆ ಐರಿಷರು ತಮ್ಮ ಚಿತ್ರವನ್ನು ತಾವೇ ಬರೆಯಬೇಕಾಯಿತು. ಕೆಲವರು ಬೈಗುಳನ್ನು ಮಗುಚಿಹಾಕಿ, ಬಡ ಹಳ್ಳಿಗನೇ ಪರಿಶುದ್ಧ ಐರಿಷನೆಂದು ಕೊಂಡಾಡಿದರು. 'ಐರಿಷ್ ಟೈಮ್ಸ್' ಪತ್ರಿಕೆಯಲ್ಲಿ 1940ರಿಂದ 1966ರವರೆಗೆ ಗುಪ್ತನಾಮದಿಂದ ಅಂಕಣ ಬರೆದ ಬ್ರಯನ್ ಓನೋಲನ್ ಮಹಾಶಯರು ಈ ಸ್ತುತಿಯನ್ನೂ ಬಿಡದೆ ನಗೆಯಾಡಿದರು. ಆ ನಗೆ ಮೊದಲು ಹೊಮ್ಮಿದ್ದು ಐರಿಷ್ ಭಾಷೆಯಲ್ಲಿಯೇ. ಹೊಗಳಿಕೆಯ ಮುಖವಾಡವೂ ಮುಖವಾಡವೇ ಅಲ್ಲವೆ?

2010ರ ನವೆಂಬರಿನಲ್ಲಿ ದೇಶವು ಸಾಲಕ್ಕಾಗಿ ಹೊರಗಿನವರ ಮುಂದೆ ಕೈಯೊಡ್ಡಿದಾಗ, 1916ರ ವೀರರು ಪ್ರಾಣ ಕೊಟ್ಟದ್ದು ಇದಕ್ಕಾಗಿಯೇ ಎಂದು ಅದೇ ಪತ್ರಿಕೆಯ ಸಂಪಾದಕೀಯ ಕೇಳಿತು. ಅಧಿಕಾರವನ್ನು ಪರರು ಕಸಿಯಲಿಲ್ಲ, ನಾವೇ ಪೋಲುಮಾಡಿದೆವು ಎಂದೂ ಒಪ್ಪಿಕೊಂಡಿತು. ಅದರಲ್ಲಿ ಕುಲದ ನಿಂದೆಯಿಲ್ಲ, ಕೃತ್ಯದ ವಿಮರ್ಶೆಯಿದೆ.

ಅದನ್ನೋದಿ ನಮಗೆ ನಮ್ಮ ಪಾಠಶಾಲೆಯ ಒಬ್ಬ ಹುಡುಗನ ನೆನಪಾಯಿತು. ರಾಮಶಬ್ದದ ಒಂದು ವಿಭಕ್ತಿ ತಪ್ಪಿದ್ದಕ್ಕೆ, "ನಿಮ್ಮ ಊರಿನವರೇ ದಡ್ಡರು" ಎಂದು ನಾವು ಗದರಿದ್ದೆವು. ವಿಭಕ್ತಿಯನ್ನು ತಿದ್ದಲಿಲ್ಲ. ಆ ಬಾಲಕನು ಮತ್ತೆಂದೂ ಉತ್ತರಕ್ಕೆ ಕೈಯೆತ್ತಲಿಲ್ಲ. ಮೂವತ್ತು ವರ್ಷಗಳಾದರೂ ಆ ತಗ್ಗಿದ ಮುಖ ನಮ್ಮ ಕಣ್ಣಮುಂದಿದೆ.

ಊರಿಗೆ ಮರಳಿದಾಗ ಮಿತ್ರರು, "ಐರಿಷರು ಹೇಗಿದ್ದಾರೆ, ಮೇಷ್ಟರೇ?" ಎಂದು ವಿಚಾರಿಸಿದರು.

"ಯಾವ ಐರಿಷರು? ಹೆಸರು ಹೇಳಿ" ಎಂದೆವು.